ಒಣಗಿ ಗಟ್ಟಿಯಾದ ಆಟದ ಹಿಟ್ಟನ್ನು ಮತ್ತೆ ಹದಕ್ಕೆ ತರುವುದು ಹೇಗೆ?

ಪ್ರಶ್ನೆ: ವಿದ್ಯಾನಗರ ನಿವಾಸಿ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ವಾರದ ಕೊನೆಯಲ್ಲಿ ಅಕ್ಕಪಕ್ಕದ ಮನೆಗಳ ಮಕ್ಕಳನ್ನು ಸೇರಿಸಿಕೊಂಡು ನಮ್ಮ ಮನೆಯ ವರಾಂಡದಲ್ಲಿ ಸಣ್ಣದೊಂದು ಕರಕುಶಲ ತರಗತಿ ನಡೆಸುತ್ತೇನೆ. ಮಕ್ಕಳು ಕ್ಲೇ ಎಂದೇ ಕರೆಯುವ ಬಣ್ಣದ ಆಟದ ಹಿಟ್ಟಿನ ಡಬ್ಬಿಗಳನ್ನು ಬೇಸಿಗೆ ರಜೆಗೆಂದು ಒಟ್ಟಿಗೆ ತರಿಸಿದ್ದೆ. ಅವುಗಳಲ್ಲಿ ಅರ್ಧದಷ್ಟು ಈಗ ಒಣಗಿವೆ. ಮಕ್ಕಳು ಮುಚ್ಚಳವನ್ನು ಪೂರ್ತಿ ಒತ್ತದೆ ಎದ್ದು ಹೋಗುವುದು ಎಲ್ಲ ಮನೆಗಳಲ್ಲೂ ಇರುವುದೇ. ಅದರ ಮೇಲೆ ನಮ್ಮೂರಿನ ಏಪ್ರಿಲ್ ಬಿಸಿಲು ಮತ್ತು ಇಡೀ ದಿನ ತಿರುಗುವ ಫ್ಯಾನಿನ ಗಾಳಿ ಸೇರಿದರೆ ಒಂದು ಮಧ್ಯಾಹ್ನದಲ್ಲಿಯೇ ಹಿಟ್ಟಿನ ಅಂಚು ಬಿರುಕು ಬಿಡುತ್ತದೆ.

ಎಲ್ಲವೂ ಒಂದೇ ಸ್ಥಿತಿಯಲ್ಲಿಲ್ಲ. ಕೆಲವು ಮೇಲೆ ಮಾತ್ರ ಗಟ್ಟಿಯಾಗಿದ್ದು ಒಳಗೆ ಮೆತ್ತಗಿವೆ, ಕೆಲವು ಹಿಸುಕಿದರೆ ಪುಡಿಪುಡಿಯಾಗಿ ಉದುರುತ್ತವೆ, ಎರಡು ಬಣ್ಣಗಳಂತೂ ನೆಲಕ್ಕೆ ಬಿದ್ದರೆ ಸದ್ದು ಮಾಡುವಷ್ಟು ಗಟ್ಟಿಯಾಗಿವೆ. ಮೇಲಿಂದ ನೀರು ಹಾಕಿದರೆ ಹೊರಗೆ ಲೋಳೆಯಾಗುತ್ತದೆ, ಒಳಗಿನ ಗಂಟು ಹಾಗೆಯೇ ಉಳಿಯುತ್ತದೆ. ಹಸಿರು ಡಬ್ಬಿಯೊಂದರಲ್ಲಿ ಹಿಟ್ಟಿನ ಮೈಮೇಲೆ ತೆಳುವಾದ ಬಿಳಿ ಪದರವೂ ಕಾಣುತ್ತಿದೆ. ಇವುಗಳ ಜೊತೆಗೆ ಸ್ಟೇಷನರಿ ಅಂಗಡಿಯಿಂದ ತಂದ ಬಣ್ಣದ ಕಡ್ಡಿಗಳ ಪೊಟ್ಟಣ ಒಂದಿದೆ. ಅದು ಒಣಗಿದಂತೆ ಕಾಣದಿದ್ದರೂ ಸಣ್ಣ ಮಕ್ಕಳ ಬೆರಳಿಗೆ ಬಗ್ಗುವುದಿಲ್ಲ.

ಇವುಗಳಲ್ಲಿ ಯಾವುದನ್ನು ಉಳಿಸಿಕೊಳ್ಳಬಹುದು, ಯಾವುದನ್ನು ಎಸೆಯಬೇಕು? ನೀರು, ಕೊಬ್ಬರಿ ಎಣ್ಣೆ, ಗ್ಲಿಸರಿನ್ ಎಂದು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಯಾವುದು ಸರಿ, ಎಷ್ಟು ಹಾಕಬೇಕು? ಆ ಬಿಳಿ ಪದರ ಬೂಷ್ಟೇ? ತರಗತಿಗೆ ಮೂರೂವರೆ ವರ್ಷದ ಮಕ್ಕಳೂ ಬರುವುದರಿಂದ ಸುರಕ್ಷತೆಯ ಬಗ್ಗೆಯೂ ತಿಳಿದವರು ಹೇಳಿದರೆ ಉಪಕಾರವಾಗುತ್ತದೆ.

ಉತ್ತರ: ಚಿತ್ರಕಲಾ ಶಿಕ್ಷಕ, ಚಿತ್ರದುರ್ಗ

ಮೇಡಂ, ನೀರೋ ಎಣ್ಣೆಯೋ ಎಂಬ ಪ್ರಶ್ನೆಗೆ ಮೊದಲು ನಿಮ್ಮ ಬುಟ್ಟಿಯಲ್ಲಿರುವ ಸರಕನ್ನು ಬೇರೆ ಬೇರೆ ಮಾಡಿಕೊಳ್ಳುವುದು ಅಗತ್ಯ. ಅಂಗಡಿಯಲ್ಲಿ ಎಲ್ಲವೂ ಕ್ಲೇ ಎಂಬ ಒಂದೇ ಹೆಸರಿನಲ್ಲಿ ಮಾರಾಟವಾಗುತ್ತದೆ. ಆದರೆ ಡಬ್ಬಿಯಲ್ಲಿ ಬರುವ ಮೆತ್ತನೆಯ ಹಿಟ್ಟು ಗೋಧಿಹಿಟ್ಟು, ಉಪ್ಪು ಮತ್ತು ನೀರಿನಿಂದ ಆದದ್ದು. ಕಡ್ಡಿಗಳಾಗಿ ಬರುವ ಮಾಡೆಲಿಂಗ್ ಕ್ಲೇ ಸುಣ್ಣದ ಪುಡಿಯಂಥ ಖನಿಜವನ್ನು ಮೇಣ ಮತ್ತು ಎಣ್ಣೆಯ ಜಿಡ್ಡಿನಲ್ಲಿ ಕಲಸಿ ಮಾಡಿದ್ದು. ಕೈಗೆ ಸ್ಪಂಜಿನಂತೆ ಹಗುರವಾಗಿ ಸಿಗುವ ಮೂರನೆಯದು ಗಾಳಿಗೆ ಒಣಗಲೆಂದೇ ತಯಾರಾದದ್ದು. ಮೊದಲನೆಯದು ನೀರಿನಿಂದ ಸರಿಹೋಗುತ್ತದೆ, ಎರಡನೆಯದಕ್ಕೆ ನೀರು ಒಳಗೇ ಇಳಿಯುವುದಿಲ್ಲ, ಮೂರನೆಯದು ಪೂರ್ತಿ ಒಣಗಿದ ಮೇಲೆ ಯಾವ ಉಪಾಯಕ್ಕೂ ಬಗ್ಗುವುದಿಲ್ಲ.

ಗುರುತಿಸುವುದು ಸುಲಭ. ಒಂದು ಚೂರನ್ನು ಹಳೆಯ ದಿನಪತ್ರಿಕೆಯ ಮೇಲಿಟ್ಟು ರಾತ್ರಿ ಕಳೆಯಲು ಬಿಡಿ. ಬೆಳಿಗ್ಗೆ ಕಾಗದದ ಮೇಲೆ ಬೋಂಡ ಇಟ್ಟ ಪೊಟ್ಟಣದಲ್ಲಿ ಕಾಣುವಂಥ ಪಾರದರ್ಶಕ ಜಿಡ್ಡಿನ ಕಲೆ ಬಿದ್ದಿದ್ದರೆ ಅದು ಎಣ್ಣೆಯ ಕ್ಲೇ. ಅಷ್ಟು ಕಾಯಲಾಗದಿದ್ದರೆ ಮೇಲೆ ಒಂದು ಹನಿ ನೀರು ಬಿಟ್ಟು ಬೆರಳಿನಿಂದ ಉಜ್ಜಿ. ಹಿಟ್ಟಾದರೆ ಆ ಜಾಗ ಅಂಟಂಟಾಗಿ ಬಣ್ಣ ಬೆರಳಿಗೆ ಹತ್ತುತ್ತದೆ. ಎಣ್ಣೆಯ ಕ್ಲೇ ಆದರೆ ಹನಿ ಗುಂಡಗೆ ನಿಂತು ಜಾರಿಹೋಗುತ್ತದೆ.

ಈಗ ಹಿಟ್ಟಿನ ವಿಚಾರ. ಇದರಲ್ಲಿ ಆಗಿರುವುದು ಮುಖ್ಯವಾಗಿ ನೀರು ಹೋಗಿರುವುದು. ಹೋದಷ್ಟು ನೀರನ್ನು ಹಿಂದಕ್ಕೆ ಕೊಟ್ಟರೆ ಹಿಟ್ಟು ಬಹುಪಾಲು ಮೊದಲಿನ ಹದಕ್ಕೆ ಬರುತ್ತದೆ. ಎಷ್ಟು ಹೋಗಿದೆ ಎಂಬುದನ್ನು ಊಹಿಸಬೇಕಾಗಿಲ್ಲ, ತೂಗಿ ನೋಡಬಹುದು. ಡಬ್ಬಿಯ ಮೇಲೆ ನಿವ್ವಳ ತೂಕ ಅಚ್ಚಾಗಿರುತ್ತದೆ. ಉದಾಹರಣೆಗೆ 112 ಗ್ರಾಂ ಎಂದಿರುವ ಡಬ್ಬಿಯ ಹಿಟ್ಟು ಅಡುಗೆಮನೆಯ ತಕ್ಕಡಿಯಲ್ಲಿ ಈಗ 90 ಗ್ರಾಂ ತೂಗಿದರೆ, ಕಡಿಮೆಯಾದ 22 ಗ್ರಾಂನಲ್ಲಿ ಹೆಚ್ಚಿನ ಪಾಲು ನೀರೇ ಆಗಿರುತ್ತದೆ. ಒಂದು ಮಿಲಿಲೀಟರ್ ನೀರು ಒಂದು ಗ್ರಾಂ ತೂಗುವುದರಿಂದ ಲೆಕ್ಕ ಸರಳ. ಮಕ್ಕಳ ಕೈಯಲ್ಲಿ ಕಳೆದುಹೋದ ಚೂರುಗಳೂ ಆ 22 ಗ್ರಾಂನಲ್ಲಿ ಸೇರಿರುವುದರಿಂದ ಅಷ್ಟನ್ನೂ ಒಮ್ಮೆಗೇ ಕೊಡಬಾರದು. ಮೂರನೆಯ ಎರಡು ಪಾಲು, ಎಂದರೆ ಸುಮಾರು 15 ಮಿಲಿಲೀಟರ್, ಸಣ್ಣ ಟೀ ಚಮಚದಲ್ಲಿ ಮೂರು ಚಮಚ ಕೊಟ್ಟು, ಉಳಿದದ್ದನ್ನು ಕೈಯ ಹದ ನೋಡಿ ಹನಿಹನಿಯಾಗಿ ಸೇರಿಸಬೇಕು.

ಹೊರಗೆ ಲೋಳೆ, ಒಳಗೆ ಗಂಟು ಎಂದು ನೀವು ಬರೆದಿರುವುದಕ್ಕೆ ಕಾರಣ ನೀರಿನ ಪ್ರಮಾಣಕ್ಕಿಂತ ಹೆಚ್ಚಾಗಿ ಹಿಟ್ಟಿನ ಉಂಡೆಯ ಗಾತ್ರ. ದಪ್ಪ ಉಂಡೆಯ ನಡುವಿಗೆ ನೀರು ಇಳಿಯಲು ತುಂಬ ಹೊತ್ತು ಬೇಕು. ಅಷ್ಟರಲ್ಲಿ ಮೇಲಿನ ಪದರ ತನಗೆ ಬೇಕಾದ್ದಕ್ಕಿಂತ ಹೆಚ್ಚು ಕುಡಿದು ಕರಗಲಾರಂಭಿಸುತ್ತದೆ. ಆದ್ದರಿಂದ ಪುಡಿಪುಡಿಯಾಗುವ ಹಿಟ್ಟನ್ನು ಮೊದಲು ಕಡಲೆಕಾಳಿನ ಗಾತ್ರಕ್ಕೆ ಮುರಿದುಕೊಳ್ಳಿ. ಸದ್ದು ಮಾಡುವಷ್ಟು ಗಟ್ಟಿಯಾದದ್ದನ್ನು ಕಾಯಿ ತುರಿಯುವಂತೆ ತುರಿಯಬಹುದು, ಅಥವಾ ದಪ್ಪ ಬಟ್ಟೆಯಲ್ಲಿ ಸುತ್ತಿ ಗುಂಡುಕಲ್ಲಿನಿಂದ ಜಜ್ಜಬಹುದು. ಆ ಚೂರುಗಳನ್ನು ಜಿಪ್ ಇರುವ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಅಳೆದ ನೀರನ್ನು ಎಲ್ಲ ಕಡೆ ಚಿಮುಕಿಸಿ, ಗಾಳಿ ಹೊರಗೆ ತಳ್ಳಿ ಮುಚ್ಚಿ, ಒಂದು ರಾತ್ರಿ ಹಾಗೆಯೇ ಬಿಡಿ. ನಡುವೆ ತೆರೆದು ನೋಡಬೇಕೆನಿಸುತ್ತದೆ, ನೋಡಬೇಡಿ. ಚೀಲದ ಹೊರಗಿನಿಂದಲೇ ಹಿಸುಕಿದರೆ ಸಾಕು. ಬೆಳಿಗ್ಗೆ ಚೂರುಗಳು ಒಂದಕ್ಕೊಂದು ಅಂಟಿಕೊಂಡು ನಯವಿಲ್ಲದ ಮುದ್ದೆಯಾಗಿರುತ್ತವೆ. ಆಗ ಹೊರಗೆ ತೆಗೆದು, ಅಂಗೈಯ ಬುಡದಿಂದ ಒತ್ತಿ ಮಡಚುತ್ತಾ ಐದಾರು ನಿಮಿಷ ನಾದಿದರೆ ಬಿರುಕುಗಳು ಮುಚ್ಚುತ್ತವೆ.

ಮೇಲೆ ಮಾತ್ರ ಒಣಗಿದ ಹಿಟ್ಟಿಗೆ ಇಷ್ಟೆಲ್ಲ ಬೇಕಿಲ್ಲ. ಹಿಂಡಿದ ಒದ್ದೆ ಹತ್ತಿ ಬಟ್ಟೆಯಲ್ಲಿ ಸುತ್ತಿ ಡಬ್ಬಿಯಲ್ಲಿಟ್ಟು ಮುಚ್ಚಿದರೆ ಮರುದಿನಕ್ಕೆ ಸರಿಹೋಗುತ್ತದೆ.

ಎಣ್ಣೆ ಕಳೆದುಹೋದ ನೀರಿನ ಜಾಗವನ್ನು ತುಂಬುವುದಿಲ್ಲ. ಅದು ನಾದಿ ಮುಗಿದ ಮೇಲೆ ಅಂಟು ಕಡಿಮೆಯಾಗಲು ಮತ್ತು ಮುಂದೆ ಬೇಗ ಒಣಗದಿರಲು ಅಂಗೈಗೆ ಸವರಿಕೊಳ್ಳುವಷ್ಟು ಸಾಕು. ಒಣಗಿದ ಹಿಟ್ಟಿಗೆ ಮೊದಲೇ ಎಣ್ಣೆ ಹಾಕಿದರೆ ಚೂರುಗಳ ಮೈಗೆ ಜಿಡ್ಡು ಕೂತು, ಆಮೇಲೆ ಹಾಕಿದ ನೀರು ಒಳಗೆ ಹೋಗಲು ತಡವಾಗುತ್ತದೆ. ಗ್ಲಿಸರಿನ್ ಹಾಗಲ್ಲ, ಅದು ನೀರಿನಲ್ಲಿ ಬೆರೆಯುತ್ತದೆ, ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಔಷಧಿ ಅಂಗಡಿಯ ಸಣ್ಣ ಸೀಸೆಯಿಂದ ನೂರು ಗ್ರಾಂ ಹಿಟ್ಟಿಗೆ ಅರ್ಧ ಟೀ ಚಮಚದಷ್ಟನ್ನು ನೀರಿನ ಜೊತೆಯಲ್ಲೇ ಕಲಸಿ ಹಾಕಬಹುದು. ಹೆಚ್ಚಾದರೆ ಮಳೆಗಾಲದಲ್ಲಿ ಕೈಗೆ ಅಂಟುತ್ತದೆ.

ಕಡ್ಡಿಯ ಕ್ಲೇಗೆ ಬೇಕಾದದ್ದು ಶಾಖ. ಪೊಟ್ಟಣವನ್ನು ನೀರು ಹೋಗದ ಚೀಲದಲ್ಲಿಟ್ಟು ಸ್ನಾನದ ಬಿಸಿನೀರಿನಲ್ಲಿ ಹತ್ತು ನಿಮಿಷ ಮುಳುಗಿಸಿದರೆ ಸಾಕು. ನಮ್ಮೂರಿನ ಬೇಸಿಗೆಯಲ್ಲಾದರೆ ಕಿಟಕಿಯ ಬಿಸಿಲೇ ಆ ಕೆಲಸ ಮಾಡುತ್ತದೆ. ತೀರ ಹಳೆಯದಾಗಿದ್ದರೆ ಉಗುರಿನ ತುದಿಯಷ್ಟು ಪೆಟ್ರೋಲಿಯಂ ಜೆಲ್ಲಿ ಸೇರಿಸಿ ನಾದಿ.

ಉತ್ತರ: ಇಬ್ಬರು ಮಕ್ಕಳ ತಾಯಿ, ಹರಿಹರ

ಮೇಷ್ಟ್ರು ಹೇಳಿದ ಚೀಲದ ವಿಧಾನವೇ ಸರಿ. ಒಂದು ಮಾತು ಸೇರಿಸುತ್ತೇನೆ: ಬಣ್ಣ ಬಣ್ಣಕ್ಕೂ ಬೇರೆ ಚೀಲ ಇರಲಿ. ಒದ್ದೆಯಾದ ಹಿಟ್ಟು ಬಣ್ಣ ಬಿಡುತ್ತದೆ. ಕೆಂಪು, ಹಳದಿ, ನೀಲಿ ಚೂರುಗಳು ಒಂದೇ ಚೀಲದಲ್ಲಿ ರಾತ್ರಿ ಕಳೆದರೆ ಬೆಳಿಗ್ಗೆ ಸಿಗುವುದು ಹೆಸರಿಲ್ಲದ ಕಂದು ಬಣ್ಣ, ಅದನ್ನು ಯಾವ ಮಗುವೂ ಮುಟ್ಟುವುದಿಲ್ಲ. ನಾದುವಾಗ ಕೈಗೆ ಹತ್ತುವ ಬಣ್ಣ ಸೋಪಿನಲ್ಲಿ ಹೋಗುತ್ತದೆ, ಆದರೆ ಬಿಳಿ ಟೈಲ್ಸ್ ಕಟ್ಟೆಯ ಸಂದಿಗೆ ಇಳಿದದ್ದು ಸುಲಭಕ್ಕೆ ಬಿಡುವುದಿಲ್ಲ. ಕೆಳಗೆ ಹಳೆಯ ಸ್ಟೀಲ್ ತಟ್ಟೆ ಇಟ್ಟುಕೊಳ್ಳಿ.

ಉತ್ತರ: ನಿವೃತ್ತ ರಸಾಯನಶಾಸ್ತ್ರ ಉಪನ್ಯಾಸಕ, ದಾವಣಗೆರೆ

ಶಿಕ್ಷಕರ ಉತ್ತರ ಪ್ರಾಯೋಗಿಕವಾಗಿ ಚೆನ್ನಾಗಿದೆ, ತೂಕದ ಲೆಕ್ಕವಂತೂ ನನಗೆ ಬಹಳ ಹಿಡಿಸಿತು. ಆದರೆ ಹಿಟ್ಟು ಗಟ್ಟಿಯಾಗುವುದಕ್ಕೆ ನೀರು ಹೋಗುವುದೊಂದೇ ಕಾರಣವಲ್ಲ. ಭದ್ರವಾಗಿ ಮುಚ್ಚಿದ ಡಬ್ಬಿಯಲ್ಲಿಯೂ, ತೂಕ ಅಷ್ಟೇನೂ ಇಳಿಯದೆ, ಹಿಟ್ಟು ಬಿರುಸಾಗುವುದುಂಟು. ಅದು ಪಿಷ್ಟದ ಗುಣ. ಗೋಧಿಯ ಪಿಷ್ಟವನ್ನು ನೀರಿನಲ್ಲಿ ಸುಮಾರು 60 ಡಿಗ್ರಿ ಸೆಲ್ಸಿಯಸ್ ದಾಟಿಸಿ ಕಾಯಿಸಿದಾಗ ಅದರ ಕಣಗಳು ಉಬ್ಬಿ, ಒಳಗಿನ ಅಮೈಲೋಸ್ ಮತ್ತು ಅಮೈಲೋಪೆಕ್ಟಿನ್ ಎಂಬ ಉದ್ದನೆಯ ಸರಪಳಿಗಳು ಸಡಿಲಗೊಂಡು ನೀರನ್ನು ಹಿಡಿದುಕೊಳ್ಳುತ್ತವೆ. ಹಿಟ್ಟಿಗೆ ಬರುವ ಮೃದುತ್ವ ಇದರಿಂದಲೇ. ತಣ್ಣಗಾಗಿ ದಿನ ಕಳೆದಂತೆ ಆ ಸರಪಳಿಗಳು ಮತ್ತೆ ಒಂದರ ಪಕ್ಕ ಒಂದು ಸಾಲುಗಟ್ಟಿ, ಹಿಡಿದಿದ್ದ ನೀರನ್ನು ಬಿಟ್ಟುಕೊಡುತ್ತವೆ. ಫ್ರಿಜ್‌ನಲ್ಲಿಟ್ಟ ಅನ್ನ ಬಿರುಸಾಗಿ, ಬಿಸಿ ಮಾಡಿದಾಗ ಮತ್ತೆ ಮೆತ್ತಗಾಗುವುದರ ಹಿಂದೆಯೂ ಇದೇ ಕ್ರಿಯೆ ಇದೆ. ಇದು ಅತಿ ಬೇಗ ನಡೆಯುವುದು ನೀರು ಹೆಪ್ಪುಗಟ್ಟುವುದಕ್ಕಿಂತ ಸ್ವಲ್ಪ ಮೇಲಿನ ತಂಪಿನಲ್ಲಿ, ಎಂದರೆ ಸರಿಯಾಗಿ ಫ್ರಿಜ್‌ನ ಒಳಗಿನ ತಂಪಿನಲ್ಲಿ. ಆದ್ದರಿಂದ ಆಟದ ಹಿಟ್ಟನ್ನು ಕೆಡದಿರಲೆಂದು ಫ್ರಿಜ್‌ನಲ್ಲಿಡುವವರು ಅದನ್ನು ಬೂಷ್ಟಿನಿಂದ ಕಾಪಾಡಿದರೂ ಬಿರುಸಾಗುವುದನ್ನು ಅವಸರಪಡಿಸುತ್ತಾರೆ.

ಈ ಕಾರಣಕ್ಕೆ, ಬರಿಯ ತಣ್ಣೀರು ಕೊಟ್ಟು ನಾದಿದ ಹಳೆಯ ಹಿಟ್ಟು ಒದ್ದೆಯಾಗುತ್ತದೆಯೇ ಹೊರತು ಎಳೆದರೆ ಎಳೆಯಾಗದೆ ತುಂಡಾಗುತ್ತದೆ. ಅಂಥದ್ದಕ್ಕೆ ನೀರಿನ ಜೊತೆ ಶಾಖವೂ ಬೇಕು. ಅಳೆದ ನೀರು ಕುಡಿದು ರಾತ್ರಿ ಕಳೆದ ಮುದ್ದೆಯನ್ನು ತೆಳ್ಳಗೆ ತಟ್ಟಿ, ಒದ್ದೆ ಬಟ್ಟೆಯಲ್ಲಿ ಸುತ್ತಿ, ಇಡ್ಲಿ ಪಾತ್ರೆಯ ತಟ್ಟೆಯ ಮೇಲಿಟ್ಟು ಐದು ನಿಮಿಷ ಹಬೆಯಲ್ಲಿ ಬೇಯಿಸಿ. ಅಮೈಲೋಪೆಕ್ಟಿನ್ನಿನ ಸಾಲುಗಳು 60 ಡಿಗ್ರಿಯ ಆಸುಪಾಸಿನಲ್ಲಿಯೇ ಬಿಚ್ಚಿಕೊಳ್ಳುತ್ತವೆ. ಅಮೈಲೋಸಿನದ್ದು ಬಿಚ್ಚಿಕೊಳ್ಳಲು ನೀರು ಕುದಿಯುವುದಕ್ಕಿಂತಲೂ ಹೆಚ್ಚಿನ ಶಾಖ ಬೇಕಾಗುವುದರಿಂದ ಹಿಟ್ಟು ಹೊಸದರಷ್ಟೇ ನಯವಾಗುವುದೆಂದು ನಿರೀಕ್ಷಿಸಬಾರದು. ಆದರೆ ಮಕ್ಕಳ ಕೆಲಸಕ್ಕೆ ಧಾರಾಳವಾಗಿ ಸಾಕು. ಹಬೆಯಿಂದ ತೆಗೆದ ಹಿಟ್ಟಿನ ಹೊರಮೈ ಆರಿದರೂ ನಡುಭಾಗ ಸುಡುತ್ತಿರುತ್ತದೆ, ಹಾಗಾಗಿ ಮೊದಲ ನಾದುವಿಕೆ ದೊಡ್ಡವರದ್ದೇ ಆಗಿರಬೇಕು. ಮೈಕ್ರೋವೇವ್ ಒಲೆ ಬಳಸುವವರು ಹತ್ತು ಹತ್ತು ಸೆಕೆಂಡುಗಳಂತೆ ನಿಲ್ಲಿಸಿ ನಿಲ್ಲಿಸಿ ಬಿಸಿ ಮಾಡಲಿ. ಒಮ್ಮೆಗೇ ಬಿಟ್ಟರೆ ಉಳಿದ ನೀರೂ ಆವಿಯಾಗುತ್ತದೆ.

ಇನ್ನು ನಮ್ಮೂರಿನ ಹವೆ. ಈ ಹಿಟ್ಟಿನಲ್ಲಿರುವುದು ಹೆಚ್ಚುಕಡಿಮೆ ತನ್ನ ಮಿತಿಯವರೆಗೆ ಉಪ್ಪು ಕುಡಿದ ನೀರು. ಅಡುಗೆ ಉಪ್ಪಿನ ಪೂರ್ಣ ದ್ರಾವಣವು ಗಾಳಿಯ ಸಾಪೇಕ್ಷ ತೇವಾಂಶ ಸುಮಾರು ಶೇಕಡಾ 75ಕ್ಕಿಂತ ಕಡಿಮೆ ಇದ್ದಾಗ ಗಾಳಿಗೆ ನೀರನ್ನು ಬಿಟ್ಟುಕೊಡುತ್ತದೆ, ಅದಕ್ಕಿಂತ ಹೆಚ್ಚಾದಾಗ ಗಾಳಿಯಿಂದಲೇ ನೀರನ್ನು ಎಳೆದುಕೊಳ್ಳುತ್ತದೆ. ದಾವಣಗೆರೆ, ಚಿತ್ರದುರ್ಗಗಳ ಬೇಸಿಗೆಯ ಮಧ್ಯಾಹ್ನದ ಗಾಳಿ ಈ ಗೆರೆಯಿಂದ ಬಹಳ ಕೆಳಗಿರುವುದರಿಂದ ತೆರೆದಿಟ್ಟ ಹಿಟ್ಟು ಒಣಗದೆ ಬೇರೆ ದಾರಿಯಿಲ್ಲ. ಮಂಗಳೂರಿನ ನೆಂಟರ ಮನೆಯಲ್ಲಿ ತಿಂಗಳುಗಟ್ಟಲೆ ಚೆನ್ನಾಗಿರುವ ಹಿಟ್ಟು ನಮ್ಮಲ್ಲಿ ಏಕೆ ಹೀಗಾಗುತ್ತದೆ ಎಂದು ಕೇಳುವವರಿಗೆ ಉತ್ತರ ಇದೇ. ಮಳೆ ಹಿಡಿದು ಕೂತ ದಿನಗಳಲ್ಲಿ ಡಬ್ಬಿಯ ಮಂಡಕ್ಕಿ ಮೆತ್ತಗಾಗತೊಡಗಿದರೆ ಆಟದ ಹಿಟ್ಟಿಗೆ ನೀರು ಸೇರಿಸುವ ಕೆಲಸಕ್ಕೆ ಅಂದು ಕೈ ಹಾಕಬೇಡಿ, ಹದ ತಪ್ಪುತ್ತದೆ.

ಹಸಿರು ಡಬ್ಬಿಯ ಬಿಳಿ ಪದರವೂ ಬಹುಶಃ ಈ ಉಪ್ಪೇ. ನೀರು ಆವಿಯಾದಂತೆ ಉಪ್ಪು ಮೇಲ್ಮೈಗೆ ಬಂದು ಹರಳುಗಟ್ಟುತ್ತದೆ. ಒದ್ದೆ ಬೆರಳಿನಿಂದ ಉಜ್ಜಿ ನೋಡಿ: ಮೊದಲು ಮರಳಿನಂತೆ ಕರಕರ ಎಂದು, ಆಮೇಲೆ ಕರಗಿ ಮಾಯವಾದರೆ ಉಪ್ಪು. ಬೂಷ್ಟಾದರೆ ಭೂತಕನ್ನಡಿಯಲ್ಲಿ ಎಳೆಎಳೆಯಾಗಿ ಕಾಣುತ್ತದೆ, ಉಜ್ಜಿದಾಗ ಕರಗದೆ ಹರಡಿಕೊಳ್ಳುತ್ತದೆ, ಹಸಿರು ಅಥವಾ ಕಪ್ಪು ಚುಕ್ಕೆಗಳೂ ಮುಗ್ಗಲು ವಾಸನೆಯೂ ಜೊತೆಗಿರುತ್ತವೆ. ಉಪ್ಪಾದರೆ ನಾದಿಕೊಂಡು ಮುಂದುವರಿಯಿರಿ. ಬೂಷ್ಟಾದರೆ ಆ ಭಾಗವನ್ನು ಮಾತ್ರ ಕೆತ್ತಿ ತೆಗೆಯುವ ಉಳಿತಾಯ ಬೇಡ, ಇಡೀ ಡಬ್ಬಿಯನ್ನು ಎಸೆಯಿರಿ.

ಪ್ರಸಂಗವಶಾತ್ ಒಂದು ವಿಷಯ. ಪ್ಲೇ ಡೋ ಎಂದು ಲೋಕಪ್ರಸಿದ್ಧವಾದ ಆಟದ ಹಿಟ್ಟು ಮೊದಲಿಗೆ ಆಟಿಕೆಯೇ ಆಗಿರಲಿಲ್ಲ. ಅಮೆರಿಕದ ಸಿನ್ಸಿನಾಟಿ ನಗರದ ಕಾರ್ಖಾನೆಯೊಂದು ಗೋಡೆಗೆ ಅಂಟಿಸುವ ಕಾಗದದ ಮೇಲಿನ ಕಲ್ಲಿದ್ದಲ ಮಸಿಯನ್ನು ಒರೆಸಿ ತೆಗೆಯಲೆಂದು ಅದನ್ನು ತಯಾರಿಸುತ್ತಿತ್ತು. ಮನೆಗಳನ್ನು ಬೆಚ್ಚಗಿಡಲು ಕಲ್ಲಿದ್ದಲು ಉರಿಸುವುದು ಕಡಿಮೆಯಾಗಿ ಆ ವ್ಯಾಪಾರ ಕುಸಿದಾಗ, ಕೇ ಜುಫಾಲ್ ಎಂಬ ಶಿಶುವಿಹಾರದ ಶಿಕ್ಷಕಿ ಅದನ್ನು ಮಕ್ಕಳ ಕೈಗೆ ಕೊಟ್ಟು ನೋಡಿದರು. 1956ರಲ್ಲಿ ಅದು ಆಟಿಕೆಯಾಗಿ ಮಾರುಕಟ್ಟೆಗೆ ಬಂತು.

ಪ್ರಶ್ನೆ ಕೇಳಿದವರು: ವಿದ್ಯಾನಗರ ನಿವಾಸಿ, ದಾವಣಗೆರೆ

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಧನ್ಯವಾದಗಳು. ಹಸಿರು ಡಬ್ಬಿಯದ್ದು ಕರಗುವ ಉಪ್ಪೇ ಎಂದು ಖಚಿತವಾಯಿತು. ಒಂದು ಸಂದೇಹ ಉಳಿದಿದೆ. ಶಿಕ್ಷಕರು ತಣ್ಣೀರು ಮತ್ತು ರಾತ್ರಿಯಿಡೀ ಕಾಯುವುದು ಎನ್ನುತ್ತಾರೆ, ಉಪನ್ಯಾಸಕರು ಹಬೆ ಎನ್ನುತ್ತಾರೆ. ಎಲ್ಲ ಡಬ್ಬಿಗಳಿಗೂ ಹಬೆ ಕೊಡಬೇಕೇ? ಹಾಗೆಯೇ, ಅಂಗಡಿಯದ್ದನ್ನು ಪದೇ ಪದೇ ತರುವ ಬದಲು ಮನೆಯಲ್ಲೇ ಮಾಡಿಕೊಳ್ಳುವುದಾದರೆ ಅದು ಇದಕ್ಕಿಂತ ಬೇಗ ಒಣಗುತ್ತದೆಯೇ?

ಉತ್ತರ: ಚಿತ್ರಕಲಾ ಶಿಕ್ಷಕ, ಚಿತ್ರದುರ್ಗ

ಎಲ್ಲದಕ್ಕೂ ಹಬೆ ಬೇಡ ಎಂಬುದು ನನ್ನ ಅಭಿಪ್ರಾಯ, ಉಪನ್ಯಾಸಕರ ವಿವರಣೆಯನ್ನು ಒಪ್ಪಿಕೊಂಡೇ ಹೀಗೆ ಹೇಳುತ್ತಿದ್ದೇನೆ. ರಾತ್ರಿ ಕಳೆದ ಮುದ್ದೆಯಿಂದ ನಿಂಬೆಯ ಗಾತ್ರದ ಉಂಡೆ ತೆಗೆದು, ಉರುಟಾಗಿ ಹೊಸೆದು, ಬೆರಳಿನ ಸುತ್ತ ಉಂಗುರದಂತೆ ಬಗ್ಗಿಸಿ ನೋಡಿ. ಹೊರಬಾಗಿದ ಮೈಯಲ್ಲಿ ಬಿರುಕು ಬಾರದಿದ್ದರೆ ಅದಕ್ಕೆ ಏನೂ ಬೇಡ. ಕೂದಲಿನಷ್ಟು ತೆಳುವಾದ ಗೆರೆಗಳು ಮೂಡಿದರೆ ಇನ್ನೂ ಕೆಲವು ಹನಿ ನೀರು ಬೇಕು. ಕೈಗೆ ಒದ್ದೆ ಹತ್ತುತ್ತಿದ್ದರೂ ಉಂಗುರ ತುಂಡಾಗಿ ಬೀಳುವುದಾದರೆ ಮಾತ್ರ ಹಬೆ.

ಮನೆಯಲ್ಲಿ ಮಾಡುವ ಹಿಟ್ಟಿನ ಬಗ್ಗೆ: ಒಂದು ಲೋಟ ಮೈದಾ, ಅರ್ಧ ಲೋಟ ಪುಡಿ ಉಪ್ಪು, ಒಂದು ಲೋಟ ನೀರು, ಒಂದು ದೊಡ್ಡ ಚಮಚ ಅಡುಗೆ ಎಣ್ಣೆ, ಒಂದು ಚಮಚ ನಿಂಬೆರಸ. ಎಲ್ಲವನ್ನೂ ಗಂಟಿಲ್ಲದಂತೆ ಕದಡಿ, ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ತೊಳಸುತ್ತಾ ಇದ್ದರೆ, ಮೊದಲು ಗಂಜಿಯಾಗಿ, ಆಮೇಲೆ ತಳ ಬಿಟ್ಟು ಸೌಟಿನ ಸುತ್ತ ಒಂದೇ ಮುದ್ದೆಯಾಗಿ ಸುತ್ತಿಕೊಳ್ಳುತ್ತದೆ. ಅಷ್ಟಕ್ಕೆ ಇಳಿಸಿ, ಬೆಚ್ಚಗಿರುವಾಗಲೇ ನಾದಿ. ಕಲ್ಲುಪ್ಪು ಬೇಡ, ಈ ಪ್ರಮಾಣದ ಉಪ್ಪು ಅಷ್ಟು ನೀರಿನಲ್ಲಿ ಪೂರ್ತಿ ಕರಗುವುದಿಲ್ಲವಾದ್ದರಿಂದ ಹರಳು ದಪ್ಪವಾಗಿದ್ದರೆ ಹಿಟ್ಟು ಕೈಗೆ ಚುಚ್ಚುತ್ತದೆ. ವಿದೇಶದ ಪಾಕಗಳಲ್ಲಿ ಬರೆದಿರುವ ಕ್ರೀಮ್ ಆಫ್ ಟಾರ್ಟಾರ್ ನಮ್ಮ ಕಿರಾಣಿ ಅಂಗಡಿಗಳಲ್ಲಿ ಸಾಮಾನ್ಯವಾಗಿ ಸಿಗುವುದಿಲ್ಲ. ಅದೂ ಒಂದು ಹುಳಿಯೇ ಆದ್ದರಿಂದ ನಿಂಬೆರಸ ಆ ಜಾಗಕ್ಕೆ ನಡೆಯುತ್ತದೆ. ಒಣಗುವ ವೇಗದಲ್ಲಿ ಅಂಗಡಿಯದ್ದಕ್ಕೂ ಇದಕ್ಕೂ ದೊಡ್ಡ ವ್ಯತ್ಯಾಸವೇನಿಲ್ಲ. ಕಾಯಿಸದೆ ಬರಿಯ ತಣ್ಣೀರಿನಲ್ಲಿ ಕಲಸಿದ ಹಿಟ್ಟು ಮಾತ್ರ ಬಹುಬೇಗ ಬಿರುಕು ಬಿಡುತ್ತದೆ, ಅದನ್ನು ಅಂದೇ ಬಳಸಿ ಮುಗಿಸಬೇಕು.

ಉತ್ತರ: ಅಂಗನವಾಡಿ ಕಾರ್ಯಕರ್ತೆ, ಹೊಳಲ್ಕೆರೆ ತಾಲ್ಲೂಕು

ಇಲ್ಲಿ ಯಾರೂ ಮಣ್ಣಿನ ಹೆಸರೇ ಎತ್ತಿಲ್ಲವಲ್ಲ ಎಂದು ಬರೆಯುತ್ತಿದ್ದೇನೆ. ಹಳ್ಳಿಯ ಕೇಂದ್ರದಲ್ಲಿ ಡಬ್ಬಿಯ ಹಿಟ್ಟು ನಮಗೆ ಅಪರೂಪ. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡಲು ತಂದ ಕೆರೆಯ ಜೇಡಿಮಣ್ಣಿನಲ್ಲಿ ಉಳಿದದ್ದನ್ನೇ ಮಕ್ಕಳಿಗೆ ಇಟ್ಟುಕೊಳ್ಳುತ್ತೇವೆ, ಗಣಪತಿ ಹಬ್ಬದವರೆಗೂ ಅದು ನಡೆಯುತ್ತದೆ. ಒಣಗಿದ ಜೇಡಿಯನ್ನು ಹದ ಮಾಡುವ ಕ್ರಮ ನಿಮ್ಮ ಹಿಟ್ಟಿಗಿಂತ ಬೇರೆ, ಸ್ವಲ್ಪ ಉಲ್ಟಾ ಎಂದೇ ಹೇಳಬೇಕು. ಅರೆಬರೆ ಒಣಗಿದ ಮಣ್ಣಿನ ಉಂಡೆಗೆ ನೀರು ಹಾಕಿದರೆ ಅದು ಒಳಗೆ ತೆಗೆದುಕೊಳ್ಳದೆ ಮೇಲೆ ಕೆಸರಾಗುತ್ತದೆ. ಅದನ್ನು ಬಿಸಿಲಿಗೆ ಹಾಕಿ ಪೂರ್ತಿ ಒಣಗಿಸಿ, ಹೆಂಟೆ ಒಡೆದು, ಬೋಗುಣಿಯ ನೀರಿನಲ್ಲಿ ಬಿಟ್ಟರೆ ಗುಳುಗುಳು ಎಂದು ಗಾಳಿಗುಳ್ಳೆ ಬಿಡುತ್ತಾ ತಾನಾಗಿಯೇ ಕುಸಿದು ಕರಗುತ್ತದೆ. ಮೇಲೆ ನಿಂತ ನೀರನ್ನು ಬಸಿದು, ಉಳಿದ ರಾಡಿಯನ್ನು ಹಳೆಯ ಪಂಚೆಯ ಮೇಲೆ ಹರಡಿ, ಅಂಗೈಗೆ ಅಂಟುವುದು ನಿಂತ ಕೂಡಲೇ ಮಿದ್ದು ಉಂಡೆ ಮಾಡಿ, ಒದ್ದೆ ಗೋಣಿಯಲ್ಲಿ ಸುತ್ತಿಡುತ್ತೇವೆ. ಬಿರುಕು ಬಿಡಬಾರದೆಂದರೆ ಮಿದಿಯುವಾಗ ಸ್ವಲ್ಪ ಅರಳೆಯನ್ನು ಬಿಡಿಸಿ ಸೇರಿಸಬೇಕು. ಒಲೆಯಲ್ಲಿ ಸುಡದಿರುವವರೆಗೆ ಈ ಮಣ್ಣನ್ನು ಎಷ್ಟು ಸಲ ಬೇಕಾದರೂ ಹೀಗೆ ಹಿಂದಕ್ಕೆ ತರಬಹುದು.

ಹಾಗೆಂದು ನಿಮ್ಮ ಹಿಟ್ಟನ್ನು ಪೂರ್ತಿ ಒಣಗಿಸಿ ನೀರಿನಲ್ಲಿ ಮುಳುಗಿಸಬೇಡಿ. ಉಪ್ಪು, ಬಣ್ಣ ಎರಡೂ ನೀರಿಗೆ ಇಳಿದು ಬರಿಯ ಅಂಟು ಉಳಿಯುತ್ತದೆ. ಮೂರೂವರೆ ವರ್ಷದ ಮಕ್ಕಳಿಗೆ ಮಣ್ಣು ಕೊಡುವುದಾದರೆ ಗಾಜಿನ ಚೂರು, ಮುಳ್ಳು, ಹರಳು ಇಲ್ಲದಂತೆ ರಾಡಿಯ ಸ್ಥಿತಿಯಲ್ಲಿಯೇ ಜರಡಿ ಹಿಡಿಯಿರಿ, ಆಟವಾದ ಮೇಲೆ ಸೋಪು ಹಾಕಿ ಕೈ ತೊಳೆಸಿರಿ.

ಉತ್ತರ: ಔಷಧಿ ಅಂಗಡಿಯವ, ದಾವಣಗೆರೆ

ಸುರಕ್ಷತೆಯ ಬಗ್ಗೆ ಕೇಳಿದ್ದೀರಿ, ಅದಕ್ಕೆ ಯಾರೂ ನೇರವಾಗಿ ಉತ್ತರಿಸಿಲ್ಲ. ಗ್ಲಿಸರಿನ್ ವಿಷಯದಲ್ಲಿ ನನ್ನದೇನೂ ಆಕ್ಷೇಪವಿಲ್ಲ. ನನಗೆ ಭಯವಿರುವುದು ಕೆಡದಂತೆ ಇಡಲು ಮನೆಯಲ್ಲಿರುವ ಬೇರೆ ಪುಡಿಗಳನ್ನು ಬೆರೆಸುವವರ ಬಗ್ಗೆ. ಪುಸ್ತಕಕ್ಕೆ ರಟ್ಟು ಹಾಕಲು, ಭಿತ್ತಿಪತ್ರ ಅಂಟಿಸಲು ಮೈದಾ ಅಂಟು ಕಾಯಿಸುವವರು ಹುಳು ಬೀಳದಿರಲೆಂದು ಅದಕ್ಕೆ ಮೈಲುತುತ್ತ ಹಾಕುತ್ತಿದ್ದುದು ಹಿರಿಯರಿಗೆಲ್ಲ ಗೊತ್ತು. ಅದು ವಿಷ, ಮಕ್ಕಳು ಕೈಯಲ್ಲಿ ಹಿಡಿದು ಬಾಯಿಗೂ ಹಾಕಿಕೊಳ್ಳುವ ಹಿಟ್ಟಿಗೆ ಒಂದು ಹರಳೂ ಸೇರಬಾರದು. ಕೇರಂ ಬೋರ್ಡಿಗೆ ಉದುರಿಸುವ ಬೋರಿಕ್ ಪುಡಿಯನ್ನೂ ಹಾಕಬೇಡಿ. ಅರ್ಧ ಲೋಟ ಉಪ್ಪು ತಾನೇ ಸಾಕಷ್ಟು ಕಾಪಾಡುತ್ತದೆ.

ಅದೇ ಉಪ್ಪು ಹೊಟ್ಟೆಗೆ ಹೆಚ್ಚು ಹೋದರೆ ಅಪಾಯ. ನಾಲಿಗೆಗೆ ತಗುಲಿದ ಕೂಡಲೇ ಮಕ್ಕಳು ಸಾಮಾನ್ಯವಾಗಿ ಉಗುಳುತ್ತಾರೆ, ಚೂರು ನುಂಗಿದರೆ ಗಾಬರಿಯಾಗಬೇಕಿಲ್ಲ. ಉಂಡೆಯಷ್ಟು ತಿಂದು ವಾಂತಿ, ವಿಪರೀತ ಬಾಯಾರಿಕೆ, ಮಂಕು ಕಂಡರೆ ತಡಮಾಡದೆ ವೈದ್ಯರಲ್ಲಿಗೆ ಕರೆದುಕೊಂಡು ಹೋಗಿ. ನಾಯಿಗಳು ಮಕ್ಕಳಂತೆ ಉಗುಳುವುದಿಲ್ಲ. ಉಪ್ಪಿನ ಹಿಟ್ಟು ತಿಂದ ನಾಯಿಗಳ ರಕ್ತದಲ್ಲಿ ಸೋಡಿಯಂ ಏರಿ ಪ್ರಾಣಕ್ಕೆ ಕುತ್ತು ಬಂದಿರುವುದುಂಟು, ಆದ್ದರಿಂದ ಎಸೆಯುವ ಹಿಟ್ಟನ್ನು ಬೀದಿಯ ಅಂಚಿನಲ್ಲಿ ಹಾಗೆಯೇ ಬಿಸಾಡದೆ ಚೀಲ ಕಟ್ಟಿ ಕಸದ ಗಾಡಿಗೆ ಹಾಕಿ. ಸಿಂಕಿಗೆ ಹಾಕಿ ನೀರು ಬಿಡುವುದೂ ಬೇಡ, ಪೈಪಿನಲ್ಲಿ ಅಂಟಾಗಿ ಕೂರುತ್ತದೆ. ನಿಮ್ಮ ತರಗತಿಯ ಯಾವುದಾದರೂ ಮಗುವಿಗೆ ಗೋಧಿ ಒಗ್ಗುವುದಿಲ್ಲವೆಂದು ವೈದ್ಯರು ಹೇಳಿದ್ದರೆ, ಅಂಗಡಿಯ ಡಬ್ಬಿಯಾಗಲಿ ಮೈದಾ ಹಿಟ್ಟಾಗಲಿ ಆ ಮಗುವಿಗೆ ಬೇಡ. ಅಕ್ಕಿಹಿಟ್ಟಿನಲ್ಲಿ ಬೇರೆಯಾಗಿ ಕಾಯಿಸಿ ಕೊಡಿ. ಅದರಲ್ಲಿ ಗೋಧಿಯ ಜಿಗುಟು ಇರುವುದಿಲ್ಲವಾದ್ದರಿಂದ ಉದ್ದಕ್ಕೆ ಎಳೆಯಲು ಬರುವುದಿಲ್ಲ, ಅಚ್ಚಿನಲ್ಲಿ ಒತ್ತುವ ಕೆಲಸಕ್ಕೆ ಚೆನ್ನಾಗಿರುತ್ತದೆ.

ಪ್ರಶ್ನೆ ಕೇಳಿದವರು: ವಿದ್ಯಾನಗರ ನಿವಾಸಿ, ದಾವಣಗೆರೆ

ಹಳದಿ ಮತ್ತು ಕೆಂಪು ಹಿಟ್ಟುಗಳು ತೂಕದ ಲೆಕ್ಕದ ನೀರಿನಲ್ಲಿಯೇ ಉಂಗುರದ ಪರೀಕ್ಷೆಯಲ್ಲಿ ತೇರ್ಗಡೆಯಾದವು. ನೀಲಿಗೆ ಹಬೆ ಬೇಕಾಯಿತು, ಈಗ ಬಗ್ಗುತ್ತದೆ, ಆದರೆ ಹಳದಿಯಷ್ಟು ನಯವಿಲ್ಲ. ಕಡ್ಡಿಗಳ ಪೊಟ್ಟಣ ಬಿಸಿನೀರಿನ ಬಕೆಟ್ಟಿನಿಂದ ಎದ್ದು ಬಂದಾಗ ಮೆತ್ತಗಿತ್ತು. ತುರಿದ ಮೇಲೂ ಒಗ್ಗೂಡದ ಬಿಳಿಯದನ್ನು ಕಾಗದದ ಮೇಲಿಟ್ಟರೆ ಜಿಡ್ಡೂ ಬಿಡಲಿಲ್ಲ, ನೀರಿಗೆ ಅಂಟೂ ಆಗಲಿಲ್ಲ, ಕೈಗೆ ತೀರ ಹಗುರವಾಗಿದೆ. ಇದು ಶಿಕ್ಷಕರು ಹೇಳಿದ ಮೂರನೆಯ ಜಾತಿಯೇ ಇರಬೇಕಲ್ಲವೇ?

ಉತ್ತರ: ಚಿತ್ರಕಲಾ ಶಿಕ್ಷಕ, ಚಿತ್ರದುರ್ಗ

ಹೌದು ಮೇಡಂ, ಅದೇ. ಅದರಲ್ಲಿ ಹಿಟ್ಟಿನ ಬದಲು ಅಂಟಿನ ಜಾತಿಯ ಪಾಲಿಮರ್ ಇದ್ದು, ನೀರು ಹೋದ ಮೇಲೆ ಅದು ಶಾಶ್ವತವಾಗಿ ಬಿಗಿದುಕೊಳ್ಳುತ್ತದೆ. ತುರಿಯದೆ ಉಳಿದ ಗಟ್ಟಿ ಉಂಡೆಗಳಿದ್ದರೆ ಎಸೆಯಬೇಡಿ. ಪೋಸ್ಟರ್ ಬಣ್ಣ ಅದರ ಮೇಲೆ ಚೆನ್ನಾಗಿ ಕೂರುತ್ತದೆ, ಮಕ್ಕಳು ಬಣ್ಣ ಹಚ್ಚಿ ಮಣಿ ಮಾಡಿಕೊಳ್ಳಬಹುದು. ನೀಲಿಯನ್ನು ಇನ್ನೊಮ್ಮೆ ಹಬೆಗೆ ಇಡುವ ಬದಲು ಹೊಸದಾಗಿ ಕಾಯಿಸಿದ ಬಿಳಿ ಮೈದಾ ಹಿಟ್ಟಿನ ಜೊತೆ ಸಮಸಮ ನಾದಿ ನೋಡಿ, ತಿಳಿನೀಲಿಯಾದರೂ ನಯ ಬರುತ್ತದೆ.